ಅರ್ಧಕ್ಕೆ ಇಳಿಸಿದ ನೀರು

"ಮಂಗಲಾ, ಒಂದೇ ಮಾತಿನಾಗ ಹೇಳು. ಕೂಸಿಗಿ ಈ ನೀರು ಹಾಕಬೇಕೋ, ಬ್ಯಾಡೋ?"

ಹೋದ ಸೋಮವಾರ ಬೆಳಗ್ಗೆ ಔರಾದದಿಂದ ನಮ್ಮ ಅಕ್ಕ ಫೋನ್ ಮಾಡಿ ಕೇಳಿದ ಪ್ರಶ್ನೆ ಇದು. ನಾನು ಬೀದರದ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಂದು ಕೈಯಲ್ಲಿ ಹಾಜರಿ ಪುಸ್ತಕ, ಇನ್ನೊಂದು ಕೈಯಲ್ಲಿ ಚಹಾ ಹಿಡಿದು ನಿಂತಿದ್ದೆ. ಬೆಲ್ ಹೊಡೆದಾಗಿತ್ತು. ಅಕ್ಕ ಆಗಲೇ ವಾಟ್ಸಾಪಿನಲ್ಲಿ ಒಂದು ಕಾಗದದ ಫೋಟೊ ಕಳಿಸಿದ್ದಳು. ಅವರ ಮನೆಯ ಬಾವಿ ನೀರಿನ ಪರೀಕ್ಷೆಯ ರಿಪೋರ್ಟು. ನಾನು ಅದನ್ನು ತೆರೆದು ನೋಡಿದ್ದು ಖರೆ. ಓದಿದ್ದೆ ಅಂದರೆ ಸುಳ್ಳಾಗುತ್ತದೆ.

"ಏನೂ ಆಗಂಗಿಲ್ಲಕ್ಕಾ. ಚಲೋತ್ನಂಗ ಕುದಿಸಿ ಹಾಕು," ಎಂದೆ. ಫೋನ್ ಇಟ್ಟೆ. ಕ್ಲಾಸಿಗೆ ಹೋದೆ.

ಅವತ್ತಿನ ಪಾಠ ಯಾವುದು ಗೊತ್ತೇ? ಬಹಮನಿ ಸುಲ್ತಾನರು ಗುಲಬರ್ಗಾ ಬಿಟ್ಟು ಬೀದರಕ್ಕೆ ರಾಜಧಾನಿ ಯಾಕೆ ತಂದರು ಎಂಬುದು. (ಇಲ್ಲಿಯ ನೀರು ಚೆನ್ನಾಗಿತ್ತು ಎಂಬುದೂ ಒಂದು ಕಾರಣ ಅಂತ ನಾನು ಪ್ರತಿವರ್ಷ ಹೇಳುತ್ತೇನೆ. ಮಕ್ಕಳು ಪ್ರತಿವರ್ಷ ಬರೆದುಕೊಳ್ಳುತ್ತಾರೆ.) ಇತಿಹಾಸ ಕಲಿಸುವವಳು ನಾನು. ನೀರಿನಲ್ಲಿ ಏನಿದೆ, ಅದು ಕೂಸಿನ ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂಬುದು ನನಗೆ ಎಲ್ಲಿಂದ ಗೊತ್ತಿರಬೇಕು? ಗೊತ್ತಿರಲಿಲ್ಲ. ಆದರೂ ಹೇಳಿದೆ. ಯಾಕೆ ಹೇಳಿದೆ ಅಂತ ಈ ವಾರವೆಲ್ಲ ನನ್ನನ್ನೇ ಕೇಳಿಕೊಂಡು ಸಾಕಾಗಿ, ಈಗ ನಿಮ್ಮ ಮುಂದೆ ಬಂದು ಕೂತಿದ್ದೇನೆ.

ಮೊದಲು ಕೂಸಿನ ವಿಷಯ ಹೇಳಿಬಿಡುತ್ತೇನೆ. ಅಕ್ಕನ ಮಗಳು ಅಶ್ವಿನಿಯನ್ನು ಭಾಲ್ಕಿಗೆ ಕೊಟ್ಟಿದ್ದೇವೆ. ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಗಂಡು ಕೂಸು, ಈಗ ನಾಲ್ಕು ತಿಂಗಳು. ಅಶ್ವಿನಿಗೆ ಹಾಲು ಸಾಲದೆ ಕೂಸು ಸೊರಗತೊಡಗಿದಾಗ ಭಾಲ್ಕಿಯ ಮಕ್ಕಳ ಡಾಕ್ಟರು ಡಬ್ಬಿ ಪುಡಿ ಬರೆದುಕೊಟ್ಟರು. ಪುಡಿ ಅಂದ ಮೇಲೆ ಅದನ್ನು ಕಲಸಲು ನೀರು ಬೇಕಲ್ಲ. ನೀರು ಅಕ್ಕನ ಹಿತ್ತಲ ಬಾವಿಯದು.

ಈ ಬಾವಿ ನೀರನ್ನು ಪರೀಕ್ಷೆಗೆ ಕಳಿಸಿ ಅಂತ ಯಾರೂ ಹೇಳಿರಲಿಲ್ಲ. ಅಶ್ವಿನಿಯ ಗಂಡ ಸಚಿನ್ ಭಾಲ್ಕಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ. ರೈತರ ಹೊಲದ ಮಣ್ಣನ್ನು ಬೀದರದ ಒಂದು ಖಾಸಗಿ ಲ್ಯಾಬಿಗೆ ಆಗಾಗ ಕಳಿಸುತ್ತಾನೆ. ಒಂದು ಸಲ ಮಣ್ಣಿನ ಪುಡಿಕೆಗಳ ಜೊತೆಗೆ ಅತ್ತೆಮನೆ ಬಾವಿಯ ನೀರನ್ನೂ ಒಂದು ಬಾಟಲಿ ತುಂಬಿ ಕಳಿಸಿಬಿಟ್ಟ. ಕೂಸಿನ ಅಪ್ಪ, ಪಾಪ, ಅವನಿಗೂ ಜೀವ ತಡೆಯಬೇಕಲ್ಲ.

ಅಕ್ಕನಿಗೆ ಸಿಟ್ಟು ಬಂತು. "ನಮ್ಮ ಬಾವಿ ನೀರಿಗಿ ಪರೀಕ್ಷಾ ಮಾಡಸ್ತಾನಂತ! ಓಣಿ ಮಂದಿ ಎಲ್ಲಾ ಮದ್ವಿ ಅಡಿಗಿಗಿ ನಮ್ಮ ಮನಿಗೇ ಕೊಡ ತಗೊಂಡು ಬರ್ತಾರ. ಇವನಿಗ್ಯಾಕ ಸಂಶೆ?"

ಅಕ್ಕನ ಸಿಟ್ಟಿಗೆ ಕಾರಣ ಇದೆ. ನಮ್ಮ ಕಡೆ ನೀರಿಗೆ ಒಂದೇ ಪರೀಕ್ಷೆ. ತೊಗರಿ ಬ್ಯಾಳಿ ಬೇಯಬೇಕು. ಬೆಂದರೆ ನೀರು ಸಿಹಿ, ಬೇಯದಿದ್ದರೆ ಸವಳು. ಹೆಣ್ಣು ನೋಡಲು ಬಂದವರು ಕೂಡ "ನಿಮ್ಮೂರಾಗ ಬ್ಯಾಳಿ ಬೇಯ್ತದೇನ್ರಿ?" ಅಂತ ಕೇಳುತ್ತಾರೆ. ಅಕ್ಕನ ಬಾವಿಯ ನೀರಿನಲ್ಲಿ ಬ್ಯಾಳಿ ಕುಕ್ಕರಿನ ಎರಡೇ ಸೀಟಿಗೆ ಬೆಣ್ಣೆಯಾಗುತ್ತದೆ. ಅಂದ ಮೇಲೆ ಆ ನೀರು ಪಾಸ್. ಫಸ್ಟ್ ಕ್ಲಾಸು.

ಪಾಸಾದ ನೀರನ್ನೂ ಅಕ್ಕ ಕೂಸಿಗೆ ಹಾಗೇ ಹಾಕುವವಳಲ್ಲ. ಪಾತೇಲಿ ತುಂಬ ನೀರಿಟ್ಟು, ಕುದಿಸಿ ಕುದಿಸಿ, ಕಷಾಯ ಇಳಿಸಿದ ಹಾಗೆ ಅರ್ಧಕ್ಕೆ ಇಳಿಸಿ, ಆರಿಸಿ, ಸೋಸಿ, ಆಮೇಲೆ ಪುಡಿ ಕಲಸುವುದು. ಬಾಣಂತಿಗೂ ಕೂಸಿಗೂ ಅರ್ಧಕ್ಕಿಳಿಸಿದ ನೀರೇ ಆಗಬೇಕೆಂದು ನಮ್ಮ ಅವ್ವ ಹೇಳಿಕೊಟ್ಟದ್ದು. ನನಗೂ ಹಾಗೆಯೇ ಮಾಡಿದ್ದಳು. ಎಷ್ಟು ಕುದಿಸಿದರೆ ಅಷ್ಟು ಶುದ್ಧ ಎಂಬುದರಲ್ಲಿ ನಮಗಾರಿಗೂ ಸಂಶಯವಿರಲಿಲ್ಲ.

ಇನ್ನು ರಿಪೋರ್ಟಿಗೆ ಬರೋಣ. ನೀವು ಇಂಥ ರಿಪೋರ್ಟು ಎಂದಾದರೂ ನೋಡಿದ್ದೀರಾ? ಎಡಕ್ಕೆ ಹೆಸರುಗಳು, ನಡುವೆ ನಮ್ಮ ಅಂಕಿ, ಬಲಕ್ಕೆ ಮಿತಿಯ ಅಂಕಿ. ಮಿತಿಯಲ್ಲೂ ಎರಡು ನಮೂನೆ. ಒಂದು ಒಪ್ಪಬಹುದಾದ ಮಿತಿ. ಇನ್ನೊಂದು, ಬೇರೆ ನೀರು ಸಿಗದಿದ್ದಲ್ಲಿ ಒಪ್ಪಬಹುದಾದ ಮಿತಿ. (ಬೇರೆ ನೀರು ಸಿಗಲಿಲ್ಲ ಎಂಬ ವಿಷಯವನ್ನು ನಮ್ಮ ಹೊಟ್ಟೆಗೆ ಯಾರು ತಿಳಿಸಬೇಕು?) ಗಡಸುತನ, ಕ್ಲೋರೈಡು, ಫ್ಲೋರೈಡು ಎಲ್ಲ ಮಿತಿಯೊಳಗೆ. ನೈಟ್ರೇಟ್ ಒಂದರ ಮುಂದೆ ಐವತ್ತೆಂಟು, ಮಿತಿ ನಲವತ್ತೈದು. ಕೆಳಗೆ ಷರಾ: "ಮಾದರಿಯು ನೈಟ್ರೇಟ್ ಹೊರತುಪಡಿಸಿ ಉಳಿದೆಲ್ಲ ಅಂಶಗಳಲ್ಲಿ ನಿಗದಿತ ಮಿತಿಯೊಳಗಿದೆ. ಫಲಿತಾಂಶವು ಪರೀಕ್ಷೆಗೆ ಒದಗಿಸಿದ ಮಾದರಿಗೆ ಮಾತ್ರ ಅನ್ವಯಿಸುತ್ತದೆ."

ಹೊರತುಪಡಿಸಿ! ಏನು ನಾಜೂಕು ನೋಡಿ. ಮದುವೆಗೆ ವರನನ್ನು ಹೊರತುಪಡಿಸಿ ಉಳಿದೆಲ್ಲರೂ ಬಂದಿದ್ದಾರೆ ಅಂದ ಹಾಗಾಯಿತು.

ನಾಲ್ಕು ತಿಂಗಳ ಕೂಸಿಗೆ ಈ ನೀರು ಆಗುತ್ತದೋ ಇಲ್ಲವೋ ಅಂತ ಆ ಕಾಗದದಲ್ಲಿ ಎಲ್ಲೂ ಇಲ್ಲ. ನಲವತ್ತೈದಕ್ಕೆ ಅಮೃತ, ನಲವತ್ತಾರಕ್ಕೆ ವಿಷ ಅಂತಲೇ? ಐವತ್ತೆಂಟು ಅಂದರೆ ಎಷ್ಟು ಹೆದರಬೇಕು? ಕಾಲು ಭಾಗ? ಪೂರ್ತಿ? ಅದೂ ಇಲ್ಲ. ಒಂದು ಅಂಕಿಯನ್ನು ನಮ್ಮ ಕೈಗೆ ಹಾಕಿ ಕದ ಮುಚ್ಚಿಕೊಂಡಿದ್ದಾರೆ ಅಷ್ಟೇ.

ಸಚಿನ್ ಆ ಕಾಗದವನ್ನು ನಮ್ಮ ಮನೆತನದ ವಾಟ್ಸಾಪ್ ಗ್ರೂಪಿಗೂ ಹಾಕಿದ. ತಗೊಳ್ಳಿ, ಶುರುವಾಯಿತು. ಒಬ್ಬರು ಮೈಯೆಲ್ಲ ನೀಲಿಯಾದ ಯಾವುದೋ ದೇಶದ ಕೂಸಿನ ಫೋಟೊ ಹಾಕಿ, ಕೆಳಗೆ ಅಳುವ ಮುಖ ಮೂರು ಹಾಕಿದರು. ಮನ್ನಳ್ಳಿ ಕಾಕಾ ಧ್ವನಿ ಸಂದೇಶ ಕಳಿಸಿದರು: "ನಾವು ಹಳ್ಳದ ನೀರು ಕುಡದು ಬೆಳದೇವಿ. ನಮಗೇನ ಆಗ್ಯಾದ? ಈಗಿನ ಮಂದೀದು ಎಲ್ಲಾ ನಾಟಕ." (ಏನಾದರೂ ಆದವರು ಧ್ವನಿ ಸಂದೇಶ ಕಳಿಸಲು ಉಳಿದಿರಬೇಕಲ್ಲ ಕಾಕಾ.) ಒಂದು ಕಡೆ ಕೂಸು ನೀಲಿಯಾಗುತ್ತದೆ, ಇನ್ನೊಂದು ಕಡೆ ಏನೂ ಆಗುವುದೇ ಇಲ್ಲ. ನಡುವೆ ನಿಂತು ಮಾತಾಡುವವರು ಒಬ್ಬರೂ ಇಲ್ಲ. ಸಚಿನ್ ಭಾಲ್ಕಿಯ ಡಾಕ್ಟರಿಗೆ ಫೋನ್ ಮಾಡಿದರೆ ಅವರೂ ಒಪಿಡಿಯ ಗದ್ದಲದಲ್ಲಿ, "ಏನೂ ಆಗಲ್ರೀ, ಟೆನ್ಷನ್ ತಗೋಬ್ಯಾಡ್ರಿ. ನೀರು ಕುದಿಸಿ ಹಾಕ್ರಿ," ಅಂದರಂತೆ.

ಅಂದರೆ ಡಾಕ್ಟರು ಹೇಳಿದ್ದೂ ನಾನು ಹೇಳಿದ್ದೂ ಒಂದೇ. ನನಗೆ ಒಳಗೊಳಗೇ ಖುಷಿಯಾಗಿತ್ತು ಅಂತಲೂ ಒಪ್ಪಿಕೊಂಡುಬಿಡುತ್ತೇನೆ.

ಗುರುವಾರ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ ಈ "ಹೊರತುಪಡಿಸಿ"ಯ ಜೋಕು ಹೇಳೋಣವೆಂದು ಫೋಟೊವನ್ನು ನಸೀಮಾ ಮೇಡಂಗೆ ತೋರಿಸಿದೆ. ಅವರು ನಮ್ಮ ಕಾಲೇಜಿನ ಕೆಮಿಸ್ಟ್ರಿ ಮೇಡಂ. ನಗಲಿಲ್ಲ. ಚಶ್ಮಾ ಹಾಕಿಕೊಂಡು ಎರಡು ಸಲ ಓದಿದರು.

"ಈ ನೀರು ಯಾರು ಕುಡೀತಾರ್ರಿ?"

"ಎಲ್ಲಾರೂ ಕುಡೀತಾರ. ಅಕ್ಕನ ಮೊಮ್ಮಗನಿಗಿ ಪುಡಿ ಹಾಲಿಗೂ ಇದೇ. ಆದ್ರ ಚಲೋತ್ನಂಗ ಕುದಿಸಿ ಹಾಕು ಅಂತ ಹೇಳೀನ್ರಿ ನಾ."

"ಯಾ ಅಲ್ಲಾ! ಕುದಿಸಿದ್ರ ನೈಟ್ರೇಟ್ ಎಲ್ಲಿ ಹೋಗ್ತದ್ರೀ ಮಂಗಲಾ ಮೇಡಂ? ಸಾರಿಗಿ ಉಪ್ಪು ಹೆಚ್ಚಾದ್ರ ನೀವು ಕುದಿಸಿ ಕಡಿಮಿ ಮಾಡ್ತೀರೇನು?"

ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಸಾರು ಕುದಿಸಿದರೆ ಉಪ್ಪು ಇನ್ನೂ ಬಿಗಿಯಾಗುತ್ತದೆ. ಇದು ನನಗೆ ಗೊತ್ತು. ಅಕ್ಕನಿಗೆ ಗೊತ್ತು. ಒಲೆ ಮುಂದೆ ನಿಂತವರಿಗೆಲ್ಲ ಗೊತ್ತು. ಅಕ್ಕ ಪಾತೇಲಿಯ ನೀರನ್ನು ಅರ್ಧಕ್ಕೆ ಇಳಿಸುತ್ತಾಳೆ ಎಂದೆ. ನಸೀಮಾ ಮೇಡಂ ಕೈ ತೊಳೆದುಕೊಂಡು ಬಂದು ನನ್ನ ಮುಂದೆ ಕೂತರು.

"ಹಂಗಾದ್ರ ನೈಟ್ರೇಟ್ ಇಮ್ಮಡಿ ಆಗ್ಯಾದ. ಕುದಿಸಿದ್ರ ಜಂತು ಸಾಯ್ತಾವ, ಇದು ಸಾಯಂಗಿಲ್ಲ, ಇದಕ್ಕ ಜೀವ ಎಲ್ಲದ? ದೊಡ್ಡವರು ಕುಡದ್ರ ನಾ ಅಷ್ಟು ಫಿಕರ್ ಮಾಡ್ತಿರ್ಲಿಲ್ಲ. ಆರು ತಿಂಗಳ ಒಳಗಿನ ಕೂಸಿಗಿ, ಅದೂ ಪುಡಿ ಹಾಲು ಕುಡಿಯೋ ಕೂಸಿಗಿ, ಇದು ರಕ್ತದಾಗಿನ ಉಸುರು ಕಡಿಮಿ ಮಾಡಬಹುದು. ಮಾಡೇ ಮಾಡ್ತದ ಅಂತ ನಾ ಹೇಳಲ್ಲ, ಎಷ್ಟೋ ಕೂಸುಗಳಿಗಿ ಏನೂ ಆಗಂಗಿಲ್ಲ. ನಿಮ್ಮ ಕೂಸಿಗಿ ಏನಾಗ್ತದ ನನಗ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲಂದ ಮ್ಯಾಲ ಯಾಕ ಹಾಕ್ತೀರಿ? ನೀರು ಬದಲಿ ಮಾಡ್ರಲಾ."

"ಮತ್ತ ಬ್ಯಾಳಿ ಎರಡೇ ಸೀಟಿಗಿ ಬೇಯ್ತದಲ್ರೀ?"

"ಬೇಯ್ತದ. ಬ್ಯಾಳಿಗಿ ಗಡಸು ನೀರು ಆಗಿ ಬರಲ್ಲ, ಇದು ಮೆತ್ತನ ನೀರು ಅದ. ನೈಟ್ರೇಟ್ ಬ್ಯಾಳಿಗಿ ಏನೂ ಮಾಡಲ್ಲರೀ. ಹಿತ್ತಲದಾಗ ತಿಪ್ಪಿ ಅದೇನು? ಸಂಡಾಸದ ಗುಂಡಿ?"

ಎರಡೂ ಇವೆ. ತಿಪ್ಪೆಯ ಆಚೆಗೆ ಸೋಯಾ ಹೊಲವೂ ಇದೆ. ಅದಕ್ಕೆ ಗೊಬ್ಬರ ನಮ್ಮ ಸಚಿನ್ ಅಂಗಡಿಯದೇ.

ಕೂಡಲೇ ಫೋನ್ ಮಾಡಿದೆ. ಅಶ್ವಿನಿ ಎತ್ತಿದಳು. "ಆ ನೀರು ಚೆಲ್ಲು ಅಶ್ವಿನಿ. ಅಂಗಡಿಯಿಂದ ಕ್ಯಾನ್ ನೀರು ತರಿಸು. ಕೂಸಿಗಿ ಬಾವಿ ನೀರು ಬ್ಯಾಡ," ಎಂದೆ. ಅವಳು ಉತ್ತರ ಕೊಡುವ ಮೊದಲೇ ಫೋನು ಅಕ್ಕನ ಕೈಗೆ ಹೋಯಿತು.

"ಏನ್ ನಡಸೀದಿ ನೀ? ಸೋಮವಾರ ಏನೂ ಆಗಂಗಿಲ್ಲ ಅಂದಿ. ಇವತ್ತ ಚೆಲ್ಲು ಅಂತಿ. ನಡಕಿನ ಮೂರು ದಿನದಾಗ ಬಾವಿಗೇನಾತು?"

"ಅಕ್ಕಾ, ಅವತ್ತು ನಾ ಓದಿರ್ಲಿಲ್ಲ."

"ಓದದೇ ಹೇಳಿದೇನು? ಡಾಕ್ಟರರ ಓದ್ಯಾರ ಹೌದಿಲ್ಲ? ಅವರೂ ಅದೇ ಅಂದಾರ. ಮತ್ತ ಆ ಕ್ಯಾನ್ ನೀರು ಎಲ್ಲಿದು, ಹ್ಯಾಂಗದ, ಅದರ ರಿಪೋರ್ಟ್ ಯಾರ ನೋಡ್ಯಾರ? ಮೂವತ್ತು ವರ್ಷದ ಬಾವಿ ಬಿಟ್ಟು ಮೂರು ದಿನದ ಮಾತು ಕೇಳಲೇನು?"

ಅವಳು ಕೇಳಿದ್ದರಲ್ಲಿ ಒಂದೂ ತಪ್ಪಿಲ್ಲ. ಸೋಮವಾರ ನಾನು ಅಷ್ಟು ಖಚಿತವಾಗಿ ಮಾತಾಡದೆ ಇದ್ದಿದ್ದರೆ ಗುರುವಾರ ನನ್ನ ಮಾತಿಗೆ ಬೆಲೆ ಇರುತ್ತಿತ್ತು. ಕೊನೆಗೆ ಅಶ್ವಿನಿ ಮೆಲ್ಲಗೆ ಫೋನ್ ಇಸಿದುಕೊಂಡು, "ಮೌಶಿ, ಲ್ಯಾಬಿನವರ ಕಡಿಂದ ಕೂಸಿಗಿ ಹಾಕಬ್ಯಾಡ್ರಿ ಅಂತ ಒಂದ ಸಾಲು ಬರೆಸಿಕೊಂಡು ಬಾ. ಕಾಗದ ಇದ್ರ ಅವ್ವ ಕೇಳ್ತಾಳ. ಇವತ್ತಿಂದು ನಾ ಹ್ಯಾಂಗರ ಮಾಡ್ತೇನಿ," ಎಂದಳು.

ಒಂದು ಸಾಲು. ಎಷ್ಟು ಹೊತ್ತಿನ ಕೆಲಸ? ಆಟೋ ಹಿಡಿದು ಲ್ಯಾಬಿಗೆ ಹೋದೆ. ಕೌಂಟರಿನಲ್ಲಿದ್ದವರು ನಡುವಯಸ್ಸಿನ ಸಂಭಾವಿತರು. ಕುರ್ಚಿ ಕೊಟ್ಟರು. ನೀರು ಬೇಕೇ ಅಂತಲೂ ಕೇಳಿದರು. (ಬೇಡವೆಂದೆ.)

"ಸರ್, ಈ ನೀರು ನಾಲ್ಕು ತಿಂಗಳ ಕೂಸಿಗಿ ಹಾಕಬಹುದೋ ಇಲ್ಲೋ?"

"ನಾವು ಫಿಗರ್ ಕೊಡ್ತೇವ್ರೀ ಮೇಡಂ. ಅಭಿಪ್ರಾಯ ಕೊಡಂಗಿಲ್ಲರೀ."

"ಅಭಿಪ್ರಾಯ ಯಾರು ಕೊಡ್ತಾರ?"

"ಅದು ಡಾಕ್ಟರ್ ಸಾಹೇಬರ ಕಡೀದು ರೀ."

"ಡಾಕ್ಟರು ಕುದಿಸಿ ಹಾಕ್ರಿ ಅಂದಾರ. ಕುದಿಸಿದ್ರ ನೈಟ್ರೇಟ್ ಹೋಗ್ತದೇನು?"

"ಇಲ್ರೀ. ಹೆಚ್ಚಾಗ್ತದ." ಒಂದು ಕ್ಷಣವೂ ಯೋಚಿಸಲಿಲ್ಲ ಆ ಮನುಷ್ಯ.

"ಮತ್ತ ಅದನ್ನರ ರಿಪೋರ್ಟಿನಾಗ ಬರೀಬೇಕಿತ್ತಲ್ರೀ?"

"ಫಾರ್ಮ್ಯಾಟಿನಾಗ ಅದಕ್ಕ ಜಾಗಾ ಇಲ್ರೀ ಮೇಡಂ. ಮತ್ತ ನಾವು ಒಂದ ಬರದ್ರ ಮಂದಿ ಗಾಬ್ರಿ ಆಗ್ತಾರ. ನಾಳಿ ಕೂಸಿಗಿ ಏನೂ ಆಗಲಿಲ್ಲಂದ್ರ ಸುಳ್ಳ ಹೆದರಿಸಿದ್ರಿ ಅಂತಾರ. ಆದ್ರ ಯಾಕ ಹೇಳಲಿಲ್ಲ ಅಂತಾರ. ನಮ್ಮ ಮ್ಯಾಲ ಜಿಮ್ಮಾ ಯಾಕ್ರಿ?"

ನನಗೆ ತಲೆ ಕಾದುಹೋಯಿತು. ಏನಾಗುತ್ತದೋ ಗೊತ್ತಿಲ್ಲದ ವಿಷಯಕ್ಕೆ ಎಲ್ಲರೂ "ಏನೂ ಆಗಂಗಿಲ್ಲ" ಎಂದು ಠಪ್ಪನೆ ಠಸ್ಸೆ ಒತ್ತುತ್ತಾರೆ. ನೂರಕ್ಕೆ ನೂರು ಗೊತ್ತಿರುವ ಒಂದೇ ಒಂದು ವಿಷಯ, ಕುದಿಸಿದರೆ ಹೆಚ್ಚಾಗುತ್ತದೆ ಎಂಬುದಕ್ಕೆ, ಕಾಗದದಲ್ಲಿ ಜಾಗವಿಲ್ಲ! ಮೂರು ಬೆರಳು ಖಾಲಿ ಜಾಗ ಬಿಟ್ಟಿದ್ದರು ರೀ ಕೆಳಗೆ. ನಾನು ತೋರಿಸಿದೆ ಕೂಡ. ಅದು ಸಹಿ, ಮೊಹರಿಗೆ ಅಂದರು.

ಮಂದಿ ಗಾಬರಿಯಾಗುತ್ತಾರಂತೆ. ಈ ಮಾತು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಗೊತ್ತಿಲ್ಲದ್ದರ ಜೊತೆ ಬಾಳುವೆ ಮಾಡುವುದು ನಮಗೆ ಹೊಸದೇ? ಬಿತ್ತುವವನಿಗೆ ಮಳೆ ಗೊತ್ತೇ? ಮಗಳನ್ನು ಕೊಡುವವರಿಗೆ ಅಳಿಯ ಎಂಥವನೆಂದು ಮೊದಲೇ ಗೊತ್ತಿರುತ್ತದೆಯೇ? ವಿಚಾರಿಸುತ್ತೇವೆ, ಅಂದಾಜು ಮಾಡುತ್ತೇವೆ, ಹಿಂದೆ ಮುಂದೆ ನೋಡಿ ಒಂದು ನಿರ್ಧಾರಕ್ಕೆ ಬರುತ್ತೇವೆ. ನಮಗೆ ಅರ್ಧ ಗೊತ್ತಿದ್ದರೂ ನಡೆಯುತ್ತದೆ. ಆ ಅರ್ಧವನ್ನಾದರೂ ಅರ್ಧ ಅಂತ ಹೇಳಬೇಕಲ್ಲ!

ಶುಕ್ರವಾರ ರಜೆ ಹಾಕಿ ಬೆಳಗ್ಗೆಯೇ ಬೀದರದ ಬಸ್ ಸ್ಟ್ಯಾಂಡಿಗೆ ಹೋದೆ. ವಿಚಾರಣೆಯ ಕಿಟಕಿಯಲ್ಲಿ ಕೇಳಿದೆ: "ಔರಾದ ಗಾಡಿ ಎಷ್ಟಕ್ಕ ಅದ್ರಿ?"

"ಎಂಟೂವರಿಗಿ ಅದ್ರೀ ಮೇಡಂ. ಆದ್ರ ಇನ್ನೂ ಬಂದಿಲ್ಲ. ಬರ್ತದೋ ಇಲ್ಲೋ ನಂಗ ಗೊತ್ತಿಲ್ರೀ. ನಿಮಗ ಅರ್ಜೆಂಟ್ ಇದ್ರ ಅಗೋ ಆ ಸಂತಪುರ ಗಾಡಿ ಹತ್ರಿ, ಮುಂದ ಜೀಪ್ ಸಿಗ್ತಾವ. ಅರ್ಜೆಂಟ್ ಇಲ್ಲಂದ್ರ ಚಹಾ ಕುಡೀರಿ."

ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇಷ್ಟು, ನಿಮ್ಮ ಗರಜು ಹೀಗಿದ್ದರೆ ಹೀಗೆ ಮಾಡಿ. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ನಾನು ಗಾಬರಿಯಾದೆನೇ? ಇಲ್ಲ. ಸಂತಪುರ ಗಾಡಿ ಹತ್ತಿದೆ. ಈ ಮನುಷ್ಯನನ್ನು ಒಂದು ವಾರ ಎರವಲು ತಂದು ಆ ಲ್ಯಾಬಿನ ಕೌಂಟರಿನಲ್ಲಿ ಕೂರಿಸಬೇಕು ಅಂತ ದಾರಿಯುದ್ದಕ್ಕೂ ಅನಿಸಿತು.

ಔರಾದದಲ್ಲಿ ಅಕ್ಕ ನನ್ನ ಮುಖ ನೋಡಲಿಲ್ಲ. "ಕಾಗದ ತಂದೇನು?" ಅಂದಳು. ತಂದಿಲ್ಲ ಎಂದೆ. ಅಡುಗೆಮನೆಯಲ್ಲಿ ಒಲೆಯ ಮೇಲೆ ಪಾತೇಲಿ ಕೊತಕೊತ ಕುದಿಯುತ್ತಿತ್ತು. ಅಶ್ವಿನಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದಳು. ಕಣ್ಣು ಕೆಂಪಾಗಿದ್ದವು. ಹಿಂದಿನ ದಿನ ಅವಳು ಗುಟ್ಟಾಗಿ ತರಿಸಿದ ಕ್ಯಾನನ್ನು ಅಕ್ಕ ಅಂಗಡಿಗೆ ವಾಪಸ್ ಕಳಿಸಿದ್ದಳಂತೆ.

ವಾದ ಮಾಡಿ ಉಪಯೋಗವಿಲ್ಲ ಅಂತ ಗೊತ್ತಾಯಿತು. ಒಂದು ಸಣ್ಣ ಬೋಗುಣಿಯಲ್ಲಿ ಬಾವಿ ನೀರು ತೆಗೆದುಕೊಂಡೆ. ಚಿಟಿಕೆ ಉಪ್ಪು ಹಾಕಿ ಕಲಕಿ ಅಕ್ಕನ ಅಂಗೈಗೆ ಹಾಕಿದೆ. "ಉಪ್ಪು ಹ್ಯಾಂಗದ?"

"ಸಪ್ಪಗದ. ಏನ್ ಆಟ ಇದು?"

"ತಡೀ." ಅದನ್ನೇ ಒಲೆಗೆ ಇಟ್ಟೆ. ಅವಳದೇ ಪದ್ಧತಿಯಂತೆ ಅರ್ಧಕ್ಕೆ ಇಳಿಸಿದೆ. ಆರುವ ತನಕ ಕೂಸು ತನ್ನ ಪಾಡಿಗೆ ಏನೋ ಹೇಳುತ್ತಿತ್ತು. ಮತ್ತೆ ಅಂಗೈಗೆ ಹಾಕಿದೆ. ಅಕ್ಕ ನೆಕ್ಕಿದಳು. ಇನ್ನೊಮ್ಮೆ ನೆಕ್ಕಿದಳು.

"ಇದು ಉಪ್ಪಾತಲ್ಲ."

"ನೀರು ಹಾರಿ ಹೋಯ್ತು, ಉಪ್ಪು ಉಳೀತು. ಬಾವ್ಯಾಗಿನ ಆ ನೈಟ್ರೇಟೂ ಹಿಂಗೇ ಅಕ್ಕಾ. ನಾಲಿಗಿಗಿ ಗೊತ್ತಾಗಲ್ಲ ಅಷ್ಟೇ."

ಅಕ್ಕ ಒಲೆ ಆರಿಸಿದಳು. ಪಾತೇಲಿಯನ್ನು ಸೆರಗಿನಲ್ಲಿ ಹಿಡಿದು ಹಿತ್ತಲಿಗೆ ಹೋಗಿ ಕರಿಬೇವಿನ ಬುಡಕ್ಕೆ ಸುರಿದು ಬಂದಳು. ಬಂದವಳು ಗೋಡೆಗೆ ಒರಗಿ ನೆಲಕ್ಕೆ ಕೂತಳು.

"ನೀ ಸೋಮವಾರ ಚಲೋತ್ನಂಗ ಕುದಿಸು ಅಂದಿ. ಕಾಲೇಜಿನಾಕಿ ಹೇಳ್ಯಾಳ, ಡಾಕ್ಟರೂ ಅದೇ ಹೇಳ್ಯಾರ ಅಂತ ನಾ ಅರ್ಧಕ್ಕ ಬಿಟ್ಟು ಕಾಲು ಪಾತೇಲಿಗಿ ಇಳಿಸ್ಲಿಕತ್ತಿದ್ದೆ," ಎಂದಳು.

ಕಾಲು ಪಾತೇಲಿ! ಅಂದರೆ ನಾಲ್ಕು ಪಟ್ಟು. ನಾನು ಏನೂ ಹೇಳದೆ ಫೋನ್ ಇಟ್ಟಿದ್ದರೂ ಕೂಸಿಗೆ ಇದಕ್ಕಿಂತ ಒಳ್ಳೆಯದಾಗುತ್ತಿತ್ತು. ಅಳು ಬಂತೇ? ಹೌದು, ಬಂತು. ಅಶ್ವಿನಿ ನನ್ನ ಹೆಗಲ ಮೇಲೆ ಕೈಯಿಟ್ಟಾಗ ಇನ್ನೂ ಹೆಚ್ಚು ನೋವಾಯಿತು.

ಸಚಿನ್‌ಗೆ ಫೋನ್ ಮಾಡಿ, ಜೀಪು ಮಾಡಿಕೊಂಡು ನಾಲ್ವರೂ ಭಾಲ್ಕಿಗೆ ಹೋದೆವು. ಕೂಸನ್ನು ಸೇರಿಸಿ ನಾಲ್ವರು. ಡಾಕ್ಟರು ಈ ಸಲ ಫೋನಿನಲ್ಲಿರಲಿಲ್ಲ, ಎದುರಿಗಿದ್ದರು. ರಿಪೋರ್ಟು ನೋಡಿದರು. ಅಕ್ಕ ಎಷ್ಟು ಇಳಿಸಿದ್ದಳೆಂದು ಕೇಳಿ ಪೆನ್ನು ಕೆಳಗಿಟ್ಟರು. ಕೂಸಿನ ತುಟಿ, ಉಗುರು, ನಾಲಿಗೆ ಎಲ್ಲ ಬೆಳಕಿಗೆ ಹಿಡಿದು ನೋಡಿದರು. ಬೆರಳಿಗೆ ಹಾಕುವ ಆ ಸಣ್ಣ ಯಂತ್ರ ಹಾಕಿದರು. ರಕ್ತವನ್ನೂ ತೆಗೆಸಿದರು. ಸೂಜಿ ಚುಚ್ಚಿದಾಗ ಕೂಸಿಗಿಂತ ಜೋರಾಗಿ ಅಕ್ಕ ಅತ್ತಳು.

"ಈಗ ನೋಡ್ಲಿಕ್ಕ ಕೂಸು ಚಲೋ ಅದರಿ," ಎಂದರು ಡಾಕ್ಟರು.

"ಏನೂ ಆಗಂಗಿಲ್ಲ ಅಲ್ರೀ?" ಅಂತ ಅಶ್ವಿನಿ.

ಅವರು ರಿಪೋರ್ಟನ್ನು ಮತ್ತೊಮ್ಮೆ ಕೈಗೆತ್ತಿಕೊಂಡರು. ಆಮೇಲೆ, "ಅವತ್ತ ಹಂಗ ಅಂದೆ ನಾ. ಯಾವ ನೀರು, ಏನದ ಅಂತ ಕೇಳಬೇಕಿತ್ತು, ಕೇಳಲಿಲ್ಲ. ತಪ್ಪು ನಂದೇ. ಇಂಥ ನೀರಿಂದ ಯಾವ ಕೂಸಿಗಿ ತ್ರಾಸ ಆಗ್ತದ, ಯಾವ ಕೂಸಿಗಿ ಆಗಲ್ಲ, ಅದು ಮೊದಲೇ ಹೇಳ್ಲಿಕ್ಕ ಬರಲ್ರೀ. ಇವತ್ತಿಂದ ಆ ನೀರು ಬಂದ್ ಮಾಡ್ರಿ. ಆರ್‌ಓ ನೀರು ತಗೊಂಡು ಒಂದ ಕುದಿ ಬಂದ ಕೂಡ್ಲೇ ಒಲಿಯಿಂದ ಇಳಸ್ರಿ. ಬಂದ್ ಮಾಡಿದ್ರ ಹೆದರಿಕಿ ಕಡಿಮಿ ಆಗ್ತಾ ಹೋಗ್ತದ. ಎರಡು ಮೂರು ದಿನ ತುಟಿ, ಉಗುರು ನೋಡ್ತಾ ಇರ್ರಿ. ನೀಲಿ ಬಣ್ಣ ಕಂಡ್ರ, ಉಸುರು ಜೋರಾದ್ರ, ಯಾವ ಹೊತ್ತಿದ್ರೂ ಕೂಡ್ಲೇ ಎತ್ಕೊಂಡು ಬರ್ರಿ," ಎಂದರು.

ಇಷ್ಟೇ. ಇಷ್ಟು ಹೇಳಲು ಅವರಿಗೆ ಎರಡು ನಿಮಿಷ ಹಿಡಿಯಲಿಲ್ಲ. ಅಕ್ಕ ಗಾಬರಿಯಾಗಲಿಲ್ಲ. ಎರಡು ಪ್ರಶ್ನೆ ಕೇಳಿದಳು: ಬಾಣಂತಿ ಆ ನೀರು ಕುಡಿಯಬಹುದೇ, ಕೂಸಿಗೆ ಎರೆಯಲು ಆ ನೀರು ನಡೆಯುತ್ತದೆಯೇ. ಎರೆಯಲು ನಡೆಯುತ್ತದೆ, ಅಶ್ವಿನಿಗೂ ಸದ್ಯಕ್ಕೆ ಬೇರೆ ನೀರೇ ಇರಲಿ ಎಂದರು. ಅಕ್ಕ ತಲೆಯಾಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು, ಮರೆಯಬಾರದ್ದು ಇದ್ದಾಗ ಅವಳು ಹಾಗೇ ಮಾಡುತ್ತಾಳೆ. ಇವಳಿಗೆ ತಿಳಿಯುವುದಿಲ್ಲ ಎಂದಲ್ಲವೇ ನಾನು ಸೋಮವಾರ ಎರಡು ಮಾತಿನಲ್ಲಿ ಮುಗಿಸಿದ್ದು?

(ರಕ್ತದ ರಿಪೋರ್ಟು ನಿನ್ನೆ ಬಂತು. ಹೆದರುವಂಥದ್ದು ಏನೂ ಇಲ್ಲವಂತೆ. ನಿಮಗೂ ಉಸಿರು ಬಂತಲ್ಲ? ಅಕ್ಕನ ಬಾವಿ ನೀರಿನಲ್ಲಿ ಬ್ಯಾಳಿ ಈಗಲೂ ಎರಡೇ ಸೀಟಿಗೆ ಬೇಯುತ್ತಿದೆ.)

ಡಾಕ್ಟರ ಹತ್ತಿರದಿಂದ ಹೊರಗೆ ಬಂದು, ಸಚಿನ್ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತೆವು. ಒಳಗೆ ಅವನು ಕ್ಯಾನ್ ನೀರಿನವನಿಗೆ ಫೋನ್ ಮಾಡಿ, ನಿನ್ನ ನೀರಿನ ರಿಪೋರ್ಟ್ ಮೊದಲು ಕಳಿಸು ಅಂತ ಜಗಳಾಡುತ್ತಿದ್ದ. ಕೂಸು ಅಕ್ಕನ ತೊಡೆಯ ಮೇಲೆ ಮಲಗಿತ್ತು. ಅವಳು ಅದರ ಉಗುರುಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡುತ್ತಿದ್ದಳು.

"ಖರೆ ಹೇಳು ಮಂಗಲಾ. ಸೋಮವಾರ ನಿನಗ ಗೊತ್ತಿತ್ತೋ, ಇರ್ಲಿಲ್ಲೋ?"

"ಗೊತ್ತಿರ್ಲಿಲ್ಲಕ್ಕಾ."

"ಗೊತ್ತಿಲ್ಲ ಅಂತ ಅವತ್ತೇ ಅಂದಿದ್ರ, ಅವತ್ತೇ ನಾ ನೀರು ಬದಲಿ ಮಾಡ್ತಿದ್ದೆ ಹೌದಿಲ್ಲ?"